ಹೆಸರು ತಪ್ಪಿದ ಅಕ್ಷರ

ಮನೆಯಲ್ಲಿ ಕೂಸು ಹುಟ್ಟಿದರೆ ಒಳ್ಳೆಯ ದಿನವನ್ನು ನೋಡಿ, ಹಿರಿಯರನ್ನು ಕರೆದು, ತೊಟ್ಟಿಲಿಗೆ ಹಾಕಿ ಹೆಸರಿಡುವ ವಾಡಿಕೆಯು ನಮ್ಮಲ್ಲಿ ಸರ್ವವಿದಿತವಾದುದೇ. ಆ ಹೆಸರು ಜೀವಮಾನವೆಲ್ಲ ಮಗುವಿನೊಡನೆ ಬರತಕ್ಕದ್ದಾದುದರಿಂದ ಹಿರಿಯರು ಅದನ್ನು ಎಷ್ಟೋ ವಿಚಾರಮಾಡಿ ಇಡುತ್ತಾರೆ. ಮನುಷ್ಯರಿಗಿರುವಂತೆ ಅಕ್ಷರಗಳಿಗೂ ಈ ಕಾಲದಲ್ಲಿ ನಾಮಕರಣವಾಗುತ್ತದೆ, ಅದರಲ್ಲಿಯೂ ತಪ್ಪು ನಡೆಯುತ್ತದೆ, ನಡೆದ ತಪ್ಪನ್ನು ಎಂದೆಂದಿಗೂ ಅಳಿಸಲಾಗುವುದಿಲ್ಲ ಎಂದು ಹೇಳಿದರೆ ವಾಚಕರು ನಗಬಹುದು. ಆದರೆ ನಮ್ಮ ಕನ್ನಡದ ಒಂದು ಪುರಾತನಾಕ್ಷರಕ್ಕೆ ಇಂಥ ಗತಿಯೇ ಒದಗಿದೆ. ಅದರ ವೃತ್ತಾಂತವನ್ನು ನನಗೆ ತಿಳಿದ ಮಟ್ಟಿಗೆ ಅರಿಕೆ ಮಾಡುತ್ತೇನೆ.

ನಾನು ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ ವಾಸವಾಗಿರುವ ನಿವೃತ್ತ ಉಪಾಧ್ಯಾಯನು. ಸಂಸ್ಕೃತವನ್ನು ಓದಿದವನಾದರೂ ಹಳಗನ್ನಡದಲ್ಲಿ ಮೊದಲಿಂದ ಆಸಕ್ತಿಯುಂಟು. ಪಾಠ ಹೇಳುವಾಗ ಉಪಯೋಗಕ್ಕೆ ಬರಲೆಂದು, ಇಂದು ಒಂದೇ ವಿಧವಾಗಿ ಬರೆಯಲ್ಪಡುವ, ಆದರೆ ಹಿಂದೆ ಬೇರೆ ಬೇರೆ ಅಕ್ಷರಗಳಿದ್ದ ಶಬ್ದಗಳನ್ನು ಒಂದು ನೋಟುಪುಸ್ತಕದಲ್ಲಿ ಜೋಡಿ ಜೋಡಿಯಾಗಿ ಬರೆದಿಟ್ಟುಕೊಂಡಿದ್ದೆನು. ಕಳೆದ ಬೇಸಗೆಯಲ್ಲಿ ದಾವಣಗೆರೆಯಿಂದ ಬಂದಿದ್ದ ನನ್ನ ಮಗಳ ಮಗನು, "ಅಜ್ಜ, ಈ ಪುಸ್ತಕ ಗೆದ್ದಲು ತಿಂದು ಹೋಗೋದಕ್ಕೆ ಮುಂಚೆ ನಾನು ಕಂಪ್ಯೂಟರಿನಲ್ಲಿ ಹಾಕಿಕೊಡ್ತೀನಿ" ಎಂದು ತಾನಾಗಿಯೇ ಕುಳಿತು ಮೂರು ದಿನಗಳಲ್ಲಿ ಎಲ್ಲವನ್ನೂ ಅಚ್ಚುಕಟ್ಟಾಗಿ ಮುಗಿಸಿದನು. ಕಾಗದದ ಮೇಲೆ ಮುದ್ರಿಸಿ ಕೊಟ್ಟ ಪ್ರತಿಯನ್ನು ಕನ್ನಡಕ ಹಾಕಿಕೊಂಡು ನೋಡುತ್ತೇನೆ, ಮೊದಲನೆಯ ಸಾಲಿನಲ್ಲಿಯೇ ಹೀಗಿತ್ತು: ಬಾಳ್ ಎಂದರೆ ಕತ್ತಿ, ಬಾಳ್ ಎಂದರೆ ಜೀವಿಸು. ಎರಡನೆಯ ಸಾಲು: ಆಳ್ ಎಂದರೆ ಸೇವಕ, ಆಳ್ ಎಂದರೆ ಮುಳುಗು. ಪಟ್ಟಿಯುದ್ದಕ್ಕೂ ಇದೇ ಪ್ರಕಾರ. ಭೇದವನ್ನು ತೋರಿಸಲೆಂದು ಮಾಡಿದ ಪಟ್ಟಿಯಲ್ಲಿ ಭೇದವೇ ಮಾಯವಾಗಿತ್ತು.

ಹುಡುಗನ ತಪ್ಪು ಇಷ್ಟೆ. ನಾನು ಬರೆದಿದ್ದುದು ಬಾಳ್ ಮತ್ತು ಬಾೞ್, ಆಳ್ ಮತ್ತು ಆೞ್ ಎಂದು. ಆ ೞ ಎಂಬ ಆಕೃತಿಯನ್ನು ಅವನು "ಹಳೆಯ ಕಾಲದ ಳ" ಎಂದೆಣಿಸಿ, ನಮ್ಮ ಕಾಲಕ್ಕೆ ತಕ್ಕಂತೆ ತಿದ್ದಿಬಿಟ್ಟಿದ್ದನು. ನಾನು ಸಮಾಧಾನದಿಂದ, ಇದು ಬೇರೆಯೇ ಅಕ್ಷರವಪ್ಪಾ, ಯಂತ್ರದಲ್ಲಿ ಇದ್ದರೆ ಹುಡುಕು ಎಂದೆನು. ಸ್ವಲ್ಪ ಹೊತ್ತಿನ ಮೇಲೆ ಅವನು ಆಶ್ಚರ್ಯದಿಂದ, "ಅಜ್ಜ, ಅಕ್ಷರ ಸಿಕ್ಕಿತು. ಆದರೆ ಅದರ ಹೆಸರು 'ಕನ್ನಡ ಅಕ್ಷರ ಫ' ಅಂತ ಇದೆಯಲ್ಲ!" ಎಂದನು. ನಾನು ನಂಬಲಿಲ್ಲ. ತೆರೆಯ ಮೇಲೆ ಕಣ್ಣಾರೆ ಕಂಡ ಮೇಲೆ ನಂಬಬೇಕಾಯಿತು.

ಮೊದಲು ಈ ಅಕ್ಷರದ ಕುಲಗೋತ್ರಗಳನ್ನು ಹೇಳಬೇಕು. ಇದು ಸಂಸ್ಕೃತದ ವರ್ಣಮಾಲೆಯಲ್ಲಿ ಇಲ್ಲದ, ಅಚ್ಚ ದ್ರಾವಿಡವಾದ ಧ್ವನಿ. ನಾಲಗೆಯ ತುದಿಯನ್ನು ಹಿಂದಕ್ಕೆ ಮಡಿಸಿ, ಅಂಗುಳನ್ನು ಪೂರ್ತಿಯಾಗಿ ಮುಟ್ಟದೆ, ಈಷತ್ಸ್ಪೃಷ್ಟವಾಗಿ ಉಚ್ಚರಿಸಬೇಕು. ತಮಿಳರು ತಮ್ಮ ಭಾಷೆಯ ಹೆಸರನ್ನು ಹೇಳುವಾಗ ಕೊನೆಯಲ್ಲಿ ಕೇಳಿಬರುವುದು ಇದೇ ಧ್ವನಿ. ಕೇರಳದ ಆಲಪ್ಪುೞ, ಕೋೞಿಕ್ಕೋಡ್ ಎಂಬ ಊರುಗಳ ಹೆಸರುಗಳಲ್ಲಿರುವುದೂ ಇದೇ. ಕನ್ನಡದಲ್ಲಿ ಕ್ರಿಸ್ತಶಕ 450ರ ಸುಮಾರಿನದೆಂದು ಹೇಳುವ ಹಲ್ಮಿಡಿಯ ಶಾಸನದ 'ಬಾಳ್ಗೞ್ಚು' ಎಂಬ ಶಬ್ದದಲ್ಲಿ ಳ, ೞ ಎರಡೂ ಅಕ್ಕಪಕ್ಕದಲ್ಲಿ ನಿಂತಿವೆ. ಬಾಳ್ ಎಂದರೆ ಕತ್ತಿ, ಕೞ್ಚು ಎಂದರೆ ತೊಳೆ. ವೀರನ ಕತ್ತಿಯನ್ನು ತೊಳೆದು ಕೊಡುತ್ತಿದ್ದ ಭೂದಾನಕ್ಕೆ ಆ ಹೆಸರು. ನಾವು ದಿನವೂ ಆಡುವ ಮಳೆ, ಕೋಳಿ, ಬಾಳೆ, ಹಳೆಯ ಎಂಬ ಶಬ್ದಗಳು ಪೂರ್ವದಲ್ಲಿ ಮೞೆ, ಕೋೞಿ, ಬಾೞೆ, ಪೞೆಯ ಎಂದಿದ್ದವು.

13ನೆಯ ಶತಮಾನದ ವೈಯಾಕರಣನಾದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ರಳ, ಕುಳ, ಕ್ಷಳ ಎಂದು ಮೂರು ಬಗೆಗಳನ್ನು ವಿಂಗಡಿಸಿದ್ದಾನೆ. ರಳವೆಂದರೆ ನಮ್ಮ ಈ ೞ. ಕುಳವೆಂದರೆ ಕನ್ನಡಕ್ಕೆ ಸಹಜವಾದ ಳ. ಕ್ಷಳವೆಂದರೆ ಜಲ ಶಬ್ದವು ಜಳ ಎಂದಾಗುವಂತೆ ಸಂಸ್ಕೃತದ ಲಕಾರದ ಸ್ಥಾನದಲ್ಲಿ ಬರುವ ಳ. ಆತನ ಕಾಲಕ್ಕೆ ಜನರ ಬಾಯಲ್ಲಿ ೞಕಾರವು ಸವೆದುಹೋಗಿದ್ದಿತು. ಸ್ವರದ ಮುಂದೆ ಅದು ಳ ಆಯಿತು. ವ್ಯಂಜನದ ಮುಂದೆ ಮೊದಲು ರೇಫವಾಗಿ, ಅನಂತರ ಆ ವ್ಯಂಜನದಲ್ಲಿಯೇ ಲೀನವಾಯಿತು. ಕೞ್ತೆ ಎಂಬುದು ಕರ್ತೆಯಾಗಿ, ಕತ್ತೆಯಾದುದು ಹೀಗೆ. ಏಳು ಎಂಬ ಸಂಖ್ಯೆಯನ್ನು ಹತ್ತರಿಂದ ಗುಣಿಸಿದರೆ 'ಏಳ್ಪತ್ತು' ಎನ್ನದೆ ಎಪ್ಪತ್ತು ಎಂದು ಏಕೆ ಹೇಳುತ್ತೇವೆಂದು ಮಕ್ಕಳು ಕೇಳುವುದುಂಟು. ಏೞು, ಎೞ್ಪತ್ತು ಎಂದು ಬರೆದು ತೋರಿಸಿದರೆ ಮಗುವಿಗೂ ಅರ್ಥವಾಗುತ್ತದೆ. ಸತ್ತ ಅಕ್ಷರವು ಬದುಕಿರುವ ಶಬ್ದಗಳಿಗೆ ಸಾಕ್ಷಿ ಹೇಳುವುದೆಂದರೆ ಇದೇ.

ಇನ್ನು ಗಣಕಯಂತ್ರದ ಮಾತು. ಆ ಯಂತ್ರಕ್ಕೆ ಅಕ್ಷರಜ್ಞಾನವಿಲ್ಲ. ಅದಕ್ಕೆ ತಿಳಿದದ್ದು ಸಂಖ್ಯೆಯೊಂದೇ. ಆದುದರಿಂದ ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ನಿಯಮಿಸಿ, ಆ ಸಂಖ್ಯೆ ಬಂದಾಗ ಈ ಆಕೃತಿಯನ್ನು ಬರೆ ಎಂದು ಅದಕ್ಕೆ ಕಲಿಸಿರುತ್ತಾರೆ. ಹಿಂದೆ ಒಬ್ಬೊಬ್ಬರು ಒಂದೊಂದು ವಿಧವಾಗಿ ಸಂಖ್ಯೆ ಕೊಟ್ಟುಕೊಂಡಿದ್ದುದರಿಂದ ಒಂದು ಯಂತ್ರದಲ್ಲಿ ಬರೆದ ಕನ್ನಡವು ಇನ್ನೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತಿತ್ತು. ಹಳೆಯ ಕಡತಗಳನ್ನು ತೆರೆದು ನೋಡಿದವರಿಗೆ ಈ ಸಂಕಟವು ಗೊತ್ತಿದೆ. ಇದನ್ನು ನಿವಾರಿಸಲು ಲೋಕದ ಎಲ್ಲ ಲಿಪಿಗಳಿಗೂ ಒಂದೇ ಸಂಖ್ಯಾಕ್ರಮವಿರಬೇಕೆಂದು 1991ರಲ್ಲಿ ಅಮೆರಿಕದಲ್ಲಿ ಯೂನಿಕೋಡ್ ಎಂಬ ಸಂಘವು ಸ್ಥಾಪಿತವಾಯಿತು. ಈಗ ಅದರ ಪಟ್ಟಿಯಲ್ಲಿ ಒಂದೂವರೆ ಲಕ್ಷಕ್ಕೂ ಮೇಲ್ಪಟ್ಟ ಅಕ್ಷರಗಳಿವೆ. ನಮ್ಮ ಮೊಬೈಲಿನಲ್ಲಿ ಬರುವ ಕನ್ನಡದ ಕಾಗದಪತ್ರಗಳೆಲ್ಲ ಈ ಕ್ರಮವನ್ನೇ ಅನುಸರಿಸುತ್ತವೆ.

ಈ ಸಂಘದವರು ನಮ್ಮ ದೇಶದ ಲಿಪಿಗಳಿಗೆ 1988ರ ಭಾರತೀಯ ಸಂಕೇತಕ್ರಮವನ್ನು ಆಧಾರವಾಗಿಟ್ಟುಕೊಂಡು, ಲಿಪಿಗೊಂದು ಬೀದಿ, ಬೀದಿಗೆ 128 ಮನೆಗಳೆಂದು ಹಂಚಿದರು. ಕನ್ನಡದ ಬೀದಿಯು 3200ರಿಂದ 3327ರ ವರೆಗೆ. ಎಲ್ಲ ಬೀದಿಗಳಲ್ಲಿಯೂ ಒಂದೇ ಧ್ವನಿಗೆ ಒಂದೇ ಸ್ಥಾನವಿರಬೇಕೆಂಬುದು ಅವರ ಉದ್ದೇಶ. ದೇವನಾಗರಿಯ ಬೀದಿಯು 2304ರಲ್ಲಿ ಆರಂಭವಾಗುತ್ತದೆ, ಅದರಲ್ಲಿ ಕಕಾರವು 2325. ಕನ್ನಡದ ಕಕಾರವು 3221. ಎರಡು ಕಡೆಯೂ ಬೀದಿಯ ಮೊದಲ ಸಂಖ್ಯೆಗೆ 21ನ್ನು ಕೂಡಿದರೆ ಕಕಾರದ ಮನೆ ಸಿಕ್ಕುತ್ತದೆ. ಎಷ್ಟು ಸುಂದರವಾದ ವ್ಯವಸ್ಥೆ!

ಈಗ ೞಕಾರವನ್ನು ಹುಡುಕೋಣ. ತಮಿಳಿನ ಬೀದಿಯಲ್ಲಿ ಅದು ಮೊದಲ ಸಂಖ್ಯೆಗೆ 52 ಕೂಡಿದಾಗ ಸಿಕ್ಕುತ್ತದೆ. ಮಲಯಾಳದಲ್ಲಿಯೂ 52. ತೆಲುಗಿಗೆ 2014ರಲ್ಲಿ ಈ ಅಕ್ಷರವನ್ನು ಸೇರಿಸಿದಾಗಲೂ ಅದೇ 52ನೆಯ ಸ್ಥಾನವನ್ನೇ ಕೊಟ್ಟರು. ಹಾಗಾದರೆ ಕನ್ನಡದ ೞಕಾರವು 3252ರಲ್ಲಿ, ಅಂದರೆ 3251ರಲ್ಲಿರುವ ಳಕಾರದ ಪಕ್ಕದ ಮನೆಯಲ್ಲಿ ಇರಬೇಕಷ್ಟೆ. ಹೋಗಿ ನೋಡಿದರೆ ಆ ಮನೆಯು ಬರಿದಾಗಿದೆ. ಇಂದಿಗೂ ಅಲ್ಲಿ ಯಾರೂ ಇಲ್ಲ. ನಮ್ಮ ಅಕ್ಷರವು ಬಹು ದೂರದಲ್ಲಿ, 3294ರಲ್ಲಿ, ಅಂದರೆ 94ನೆಯ ಸ್ಥಾನದಲ್ಲಿ ಬಿಡಾರಮಾಡಿಕೊಂಡಿದೆ. ದೇವನಾಗರಿಯಲ್ಲಿಯೂ ಪಂಜಾಬಿನ ಗುರುಮುಖಿಯಲ್ಲಿಯೂ ಆ 94ನೆಯ ಸ್ಥಾನವು ಯಾರದೆಂದರೆ, ಕೆಳಗೆ ಚುಕ್ಕೆಯಿಟ್ಟು ಬರೆಯುವ ಫಕಾರದ್ದು. ಕಾಫಿಯ ಫಕಾರವೆಂದರೆ ವಾಚಕರಿಗೆ ಥಟ್ಟನೆ ಹೊಳೆಯುತ್ತದೆ. ಕನ್ನಡದಲ್ಲಿ ಆ ಧ್ವನಿಗೆ ಪ್ರತ್ಯೇಕಾಕ್ಷರವಿಲ್ಲ. ಫಕಾರದ ಕೆಳಗೆ ಚುಕ್ಕೆಗಳನ್ನಿಟ್ಟು ಫ಼ ಎಂದು ಬರೆಯುತ್ತೇವೆ. ಆದರೂ ಆ ಮನೆಗೆ 'ಕನ್ನಡ ಅಕ್ಷರ ಫ' ಎಂಬ ಫಲಕವನ್ನು ಹಚ್ಚಿ, ಒಳಗೆ ಹಲ್ಮಿಡಿಯ ಕಾಲದ ೞಕಾರವನ್ನು ಕೂರಿಸಿದ್ದಾರೆ. ತಪ್ಪು ಹೇಗಾಗಿರಬಹುದೆಂಬುದನ್ನು ಈ ಅಂಕಿಗಳೇ ಸೂಚಿಸುತ್ತವೆ.

ತಪ್ಪು ಕಂಡ ಮೇಲೆ ಫಲಕವನ್ನು ಬದಲಾಯಿಸಿದರೆ ಮುಗಿಯಿತಲ್ಲವೆ ಎಂದು ನಾನೂ ಕೇಳಿದೆನು. ಅದು ಸಾಧ್ಯವಿಲ್ಲ. ಒಮ್ಮೆ ಕೊಟ್ಟ ಹೆಸರನ್ನು ಯಾವ ಕಾರಣಕ್ಕೂ ಬದಲಾಯಿಸತಕ್ಕದ್ದಲ್ಲವೆಂಬ ನಿಯಮವು 1996ರ ಆವೃತ್ತಿಯಿಂದ ಜಾರಿಯಲ್ಲಿದೆ. ಲೋಕದ ಅಸಂಖ್ಯ ಯಂತ್ರಗಳಲ್ಲಿಯೂ ಅವುಗಳ ಕಾರ್ಯಕ್ರಮಗಳಲ್ಲಿಯೂ ಆ ಹೆಸರುಗಳು ಹೊಕ್ಕಿರುವುದರಿಂದ, ಒಂದು ಕಡೆ ತಿದ್ದಿದರೆ ಮತ್ತೊಂದು ಕಡೆ ಕೊಂಡಿ ಕಳಚುತ್ತದೆ. ಅದಕ್ಕಾಗಿ ಮೂಲ ಹೆಸರನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಒಂದು ತಿದ್ದುಪಡಿಯ ಪಟ್ಟಿಯನ್ನಿಟ್ಟು, ಇದರ ನಿಜವಾದ ಹೆಸರು ಇಂಥದು ಎಂದು ಬರೆಯುತ್ತಾರೆ. ನಮ್ಮ ೞಕಾರಕ್ಕೆ ಅಲ್ಲಿ ಇಂಗ್ಲಿಷಿನ ಮೂರು ಎಲ್ ಅಕ್ಷರಗಳನ್ನೂ ಒಂದು ಎ ಅಕ್ಷರವನ್ನೂ ಕೂಡಿಸಿದ ಸರಿಯಾದ ಹೆಸರು ದೊರೆತಿದೆ. ಆ ಪಟ್ಟಿಯಲ್ಲಿ ನಮಗೆ ಸಂಗಾತಿಗಳೂ ಉಂಟು. ಲಾವೋಸ್ ದೇಶದ ಲಿಪಿಯಲ್ಲಿ ನಾಲ್ಕು ಅಕ್ಷರಗಳ ಹೆಸರು ತಪ್ಪಿದೆ. ಒಂದು ಕಡೆ ಆವರಣಚಿಹ್ನೆಗೆ ಇಂಗ್ಲಿಷರು ಹೇಳುವ 'ಬ್ರಾಕೆಟ್' ಎಂಬ ಸಾಧಾರಣ ಶಬ್ದದ ಕಾಗುಣಿತವೇ ತಲೆಕೆಳಗಾಗಿ ಶಾಶ್ವತವಾಗಿ ನಿಂತುಬಿಟ್ಟಿದೆ.

ಇದನ್ನು ಕೇಳಿ ನನಗೆ ನಗು ಬರಲಿಲ್ಲ. ಏತಕ್ಕೆಂದರೆ ಇಂಥದೇ ಒಂದು ಅಪರಾಧವನ್ನು ನಾನೂ ಮಾಡಿದವನು. ನಾನು ಉಪಾಧ್ಯಾಯನಾಗಿ ಸೇರಿದ ಹೊಸತರಲ್ಲಿ ಒಂದು ಹಳ್ಳಿಯ ಶಾಲೆಗೆ ಒಬ್ಬ ತಾಯಿ ತನ್ನ ಮಗಳನ್ನು ಸೇರಿಸಲು ಕರೆದುಕೊಂಡು ಬಂದಳು. ಹೆಸರು ಕೇಳಿದೆನು. ಆಕೆ 'ಅವ್ವ' ಎಂದು ಕೊನೆಗೊಳ್ಳುವ, ನಮ್ಮ ಸೀಮೆಯ ಹೆಸರೊಂದನ್ನು ಹೇಳಿದಳು. ಆಗ ಸಂಸ್ಕೃತದ ಪರೀಕ್ಷೆಯಲ್ಲಿ ಉತ್ತೀರ್ಣನಾದ ಹೊಸ ಉತ್ಸಾಹ ನನಗೆ. ಗ್ರಾಮ್ಯವಾದ ರೂಪವೇಕೆಂದು, ಕೇಳುವುದನ್ನೂ ಕೇಳದೆ, ಕೊನೆಯ 'ಅವ್ವ'ವನ್ನು 'ಅಂಬಾ' ಎಂದು ತಿದ್ದಿ ದಾಖಲೆಯ ಪುಸ್ತಕದಲ್ಲಿ ಬರೆದುಬಿಟ್ಟೆನು. ಉಪಕಾರ ಮಾಡಿದೆನೆಂದೇ ಭಾವಿಸಿದ್ದೆನು.

ಇಪ್ಪತ್ತು ವರ್ಷಗಳ ಮೇಲೆ ಆ ಹುಡುಗಿ ತಾನೇ ಎರಡು ಮಕ್ಕಳ ತಾಯಿಯಾಗಿ ನನ್ನನ್ನು ಹುಡುಕಿಕೊಂಡು ಬಂದಳು. ತಂದೆಯು ತೀರಿಕೊಂಡಿದ್ದನು. ಅವನ ಹೊಲದಲ್ಲಿ ಅವಳಿಗೆ ಬರಬೇಕಾದ ಪಾಲಿನ ಖಾತೆ ಮಾಡಿಸಹೋದರೆ, ಪಡಿತರ ಚೀಟಿಯಲ್ಲಿ ಒಂದು ಹೆಸರು, ಶಾಲೆಯ ಪತ್ರದಲ್ಲಿ ಇನ್ನೊಂದು. ಇವರಿಬ್ಬರೂ ಒಬ್ಬಳೇ ಎಂಬುದಕ್ಕೆ ಆಧಾರವೇನೆಂದು ಕೇಳಿದರಂತೆ. ಕೂಲಿ ಬಿಟ್ಟು, ಬಸ್ಸಿನ ಖರ್ಚು ಇಟ್ಟುಕೊಂಡು, ಎಷ್ಟೋ ಸಲ ಅಲೆದಿದ್ದಳು. ನಾನು ತಲೆ ತಗ್ಗಿಸಿ ತಪ್ಪೊಪ್ಪಿಕೊಂಡೆನು. ಆಕೆ ಸಿಟ್ಟಾಗಲಿಲ್ಲ. "ಮೇಷ್ಟ್ರೇ, ನೀವು ಬರೆದದ್ದೂ ಚಂದದ ಹೆಸರೇ. ಆದರೆ ನಮ್ಮವ್ವ ನನ್ನ ಕರೆದದ್ದು ಅದಲ್ಲ" ಎಂದಳು. ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

ಪುಸ್ತಕದಲ್ಲಿದ್ದ ಹೆಸರನ್ನು ಹೊಡೆದುಹಾಕಿ ಹೊಸದನ್ನು ಬರೆದುಕೊಡಿ ಎಂದು ಅವಳ ಜೊತೆಯಲ್ಲಿ ಬಂದವರು ಕೇಳಿದರು. ಹಾಗೆ ಮಾಡಿದ್ದರೆ ಅದು ತಿದ್ದಿದ ದಾಖಲೆಯೆನಿಸಿ, ಮತ್ತೆ ಯಾರೂ ಅದನ್ನು ನಂಬುತ್ತಿರಲಿಲ್ಲ. ಕೊನೆಗೆ ಈ ಎರಡು ಹೆಸರುಗಳೂ ಒಬ್ಬಳವೇ, ವ್ಯತ್ಯಾಸವು ಉಪಾಧ್ಯಾಯನ ಬರವಣಿಗೆಯಿಂದ ಆದುದು ಎಂದು ಪ್ರಮಾಣಪತ್ರವನ್ನು ಮಾಡಿಸಿ, ನಾನೇ ಹೋಗಿ ಸಾಕ್ಷಿಯ ರುಜು ಹಾಕಿದೆನು. ಅದರಿಂದ ಕೆಲಸವಾಯಿತು. ಯೂನಿಕೋಡಿನ ತಿದ್ದುಪಡಿಯ ಪಟ್ಟಿಯೆಂದರೆ ಇಂಥ ಪ್ರಮಾಣಪತ್ರವೇ. ತಪ್ಪನ್ನು ಮುಚ್ಚುವುದಿಲ್ಲ, ಅಳಿಸುವುದಿಲ್ಲ. ತಪ್ಪಾಯಿತೆಂದು ಎಲ್ಲರಿಗೂ ಕಾಣುವಂತೆ ಪಕ್ಕದಲ್ಲಿ ಬರೆಯುತ್ತದೆ.

ಹೀಗೆ ಸಂಖ್ಯೆಯನ್ನು ಪಡೆಯುವುದು ಒಂದು ಜನಕ್ಕೆ ಎಷ್ಟು ದೊಡ್ಡ ವಿಷಯವೆಂಬುದನ್ನು ಅರಿಯಲು ಪಶ್ಚಿಮ ಆಫ್ರಿಕದ ಕಡೆಗೊಮ್ಮೆ ದೃಷ್ಟಿ ಹರಿಸಬೇಕು. ಲೈಬೀರಿಯಾದ ವಾಯ್ ಜನರಿಗೆ 1830ರ ದಶಕದಲ್ಲಿ ದುವಾಲು ಬುಕೆಲೆ ಎಂಬಾತನು ಒಂದು ಲಿಪಿಯನ್ನು ರಚಿಸಿಕೊಟ್ಟನು. ಯಂತ್ರದಲ್ಲಿ ಅದಕ್ಕೆ ಸಂಖ್ಯೆಗಳು ದೊರೆತದ್ದು 2008ರಲ್ಲಿ. ಗಿನಿ ದೇಶದಲ್ಲಿ ಇಬ್ರಾಹಿಮ ಬಾರಿ, ಅಬ್ದುಲಾಯ್ ಬಾರಿ ಎಂಬ ಅಣ್ಣತಮ್ಮಂದಿರು ಬಾಲಕರಾಗಿದ್ದಾಗಲೇ, 1989ರಲ್ಲಿ, ತಮ್ಮ ಫುಲಾನಿ ಭಾಷೆಯ ಧ್ವನಿಗಳು ಅರಬ್ಬಿಯ ಅಕ್ಷರಗಳಲ್ಲಿ ಸರಿಯಾಗಿ ಹಿಡಿಯುವುದಿಲ್ಲವೆಂದು ಮನೆಯಲ್ಲಿಯೇ ಕುಳಿತು 28 ಅಕ್ಷರಗಳ ಹೊಸ ಲಿಪಿಯೊಂದನ್ನು ಕಟ್ಟಿದರು. ಅ, ದ, ಲ, ಮ ಎಂಬ ಮೊದಲ ನಾಲ್ಕು ಅಕ್ಷರಗಳಿಂದ ಅದಕ್ಕೆ ಅದ್ಲಮ್ ಎಂದು ಹೆಸರಾಯಿತು. ಪುಸ್ತಕಗಳನ್ನು ಕೈಯಿಂದ ಪ್ರತಿಮಾಡಿ ಹಂಚಿ ಅದನ್ನು ಜನರಲ್ಲಿ ಹರಡಿದರು. 2016ರಲ್ಲಿ ಯೂನಿಕೋಡಿನಲ್ಲಿ ಅದಕ್ಕೆ ಸ್ಥಾನ ದೊರೆಯಿತು. ಆ ವರೆಗೆ ಆ ಭಾಷೆಯವನು ದೂರದೇಶದಲ್ಲಿರುವ ತನ್ನ ತಾಯಿಗೆ ಮೊಬೈಲಿನಲ್ಲಿ ನಾಲ್ಕು ಅಕ್ಷರ ಬರೆಯಬೇಕಾದರೆ ಬೇರೆಯವರ ಲಿಪಿಯನ್ನು ಎರವಲು ತರಬೇಕಾಗಿತ್ತು.

ಅವರ ಸ್ಥಿತಿಗೂ ನಮ್ಮ ಸ್ಥಿತಿಗೂ ಇರುವ ಅಂತರವನ್ನು ವಾಚಕರು ಗಮನಿಸಬೇಕು. ಅವರಲ್ಲಿ ಅಕ್ಷರವನ್ನು ಬರೆಯುವ ಜನರಿದ್ದರು, ಅಕ್ಷರಕ್ಕೆ ಮನೆಯಿರಲಿಲ್ಲ. ನಮ್ಮಲ್ಲಿ ಮನೆಯುಂಟು, ಅಕ್ಷರವೂ ಒಳಗುಂಟು, ಬಾಗಿಲು ತಟ್ಟುವವರಿಲ್ಲ. ಫಲಕದ ಹೆಸರು ತಪ್ಪಾದುದರಿಂದ ೞಕಾರಕ್ಕೆ ಅಷ್ಟೇನೂ ಹಾನಿಯಾಗಿಲ್ಲ. ಸಂಖ್ಯೆಯು ಅದರದೇ, ಆಕೃತಿಯೂ ಅದರದೇ. ನನ್ನ ಮೊಮ್ಮಗನು ಮಾಡಿದಂತೆ, ಒಳ್ಳೆಯ ಮನಸ್ಸಿನಿಂದಲೇ ಅದನ್ನು ಳಕಾರವಾಗಿ ತಿದ್ದುವುದರಿಂದ ಆಗುವ ಹಾನಿಯೇ ಹೆಚ್ಚಿನದು. ಯಂತ್ರಕ್ಕೆ 3251 ಬೇರೆ, 3294 ಬೇರೆ. ಒಂದು ಶಾಸನದಲ್ಲಿ ೞ, ಳ ಎರಡೂ ಸರಿಯಾಗಿ ಬೇರ್ಪಟ್ಟಿವೆಯೆ, ಕಲಸಿಹೋಗಿವೆಯೆ ಎಂಬುದು ಅದರ ಕಾಲವನ್ನು ನಿರ್ಣಯಿಸುವವರಿಗೆ ಒಂದು ಕುರುಹು. ಪ್ರತಿಮಾಡುವವನು ಎಲ್ಲವನ್ನೂ ಳಕಾರವಾಗಿ ಬರೆದರೆ ಆ ಕುರುಹೇ ಅಳಿಯುತ್ತದೆ. ಮುಂದೆ ಆ ಪ್ರತಿಯನ್ನು ನಂಬಿದವರಿಗೆ ಕಲ್ಲಿನಲ್ಲಿದ್ದುದು ಏನೆಂದು ತಿಳಿಯುವ ದಾರಿಯೇ ಇರುವುದಿಲ್ಲ.

ನಮ್ಮ ಸೀಮೆಯು ಶಾಸನಗಳಿಲ್ಲದ ಸೀಮೆಯಲ್ಲ. ಜಗಳೂರು ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರುವುದಕ್ಕೆ ಮುಂಚೆ ಚಿತ್ರದುರ್ಗಕ್ಕೆ ಸೇರಿತ್ತು. ಬಿ. ಎಲ್. ರೈಸ್ ಅವರು 1903ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ 11ನೆಯ ಸಂಪುಟದಲ್ಲಿ ಆ ಜಿಲ್ಲೆಯ ಶಾಸನಗಳೊಡನೆ ಈ ತಾಲ್ಲೂಕಿನವೂ ಅಚ್ಚಾಗಿವೆ. ಈಗಿನ ತರುಣರು ಇಂಥ ಶಾಸನಪಾಠಗಳನ್ನೂ, ಮನೆಯ ಅಟ್ಟದ ಮೇಲಿನ ಓಲೆಗರಿಗಳನ್ನೂ ಯಂತ್ರಕ್ಕೆ ಏರಿಸುವ ಉತ್ಸಾಹ ತೋರುತ್ತಿರುವುದು ಸಂತೋಷದ ವಿಷಯ. ಅವರಲ್ಲಿ ನನ್ನ ಬಿನ್ನಹ ಇಷ್ಟೆ. ಮೂಲದಲ್ಲಿ ೞ ಇದ್ದರೆ ೞ ಎಂದೇ ಬರೆಯಿರಿ. ಅದನ್ನೇ ಹೋಲುವ ಶಕಟರೇಫವನ್ನು, ಅಂದರೆ ಅಱಿ, ಆಱು ಎಂಬಲ್ಲಿ ಬರುವ ಱಕಾರವನ್ನು, ಅದರ ಬದಲಿಗೆ ಹಾಕಬೇಡಿರಿ. ಅದರ ಮನೆ 3249, ಅದು ಬೇರೆಯೇ ವಂಶ. ಕೀಲಿಮಣೆಯಲ್ಲಿ ಅಕ್ಷರವು ಕಾಣದಿದ್ದರೆ, ಒಂದು ಕಡೆ ದೊರೆತುದನ್ನು ನಕಲುಮಾಡಿ ಬೇಕಾದಲ್ಲಿ ಅಂಟಿಸಿರಿ. ಅದರ ಮೇಲೆ ಫ ಎಂಬ ಹೆಸರು ಕಂಡರೆ ಹೆದರಿ ಬಿಟ್ಟುಬಿಡಬೇಡಿರಿ.

ಹಳೆಯದನ್ನು ಸೇರಿಸಿಕೊಳ್ಳುವ ಕಾರ್ಯವು ಇನ್ನೂ ನಡೆದಿದೆ ಎಂಬುದಕ್ಕೆ ಒಂದು ನಿದರ್ಶನ. ಹಿಂದಿನವರು ಸ್ವರವಿಲ್ಲದ ನಕಾರಕ್ಕೆ ನಕಾರ ಪೊಲ್ಲು ಎಂಬ ಪ್ರತ್ಯೇಕ ಚಿಹ್ನೆಯನ್ನು ಬರೆಯುತ್ತಿದ್ದರು. 2021ರಲ್ಲಿ ಅದಕ್ಕೂ ಸಂಖ್ಯೆ ದೊರೆಯಿತು: 3293. ನಮ್ಮ ೞಕಾರಕ್ಕೆ ಸರಿಯಾಗಿ ಪಕ್ಕದ ಮನೆ. ಬಹುಕಾಲ ಒಂಟಿಯಾಗಿದ್ದ ಹಿರಿಯರಿಗೆ ಸಮವಯಸ್ಕರೊಬ್ಬರು ನೆರೆಗೆ ಬಂದಂತಾಯಿತು.

ಮೊಮ್ಮಗನು ದಾವಣಗೆರೆಗೆ ಹಿಂದಿರುಗುವ ಮುನ್ನ ಪಟ್ಟಿಯನ್ನು ಮೊದಲಿಂದ ತಿದ್ದಿಕೊಟ್ಟನು. ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಜೀವಿಸು. ಬಸ್ಸಿಗೆ ಹೊರಟವನು ಬಾಗಿಲಲ್ಲಿ ನಿಂತು, "ಅಜ್ಜ, ಎಪ್ಪತ್ತಕ್ಕೆ ಯಾಕೆ ಎರಡು ಪ ಅಂತ ನಾನು ಚಿಕ್ಕವನಿದ್ದಾಗ ಕೇಳಿದ್ದೆ, ನೆನಪಿದೆಯಾ?" ಎಂದನು. ನೆನಪಿತ್ತು. ಆಗ ನಾನು ರೂಢಿಯಪ್ಪಾ ಎಂದು ಹೇಳಿ ಬಾಯಿ ಮುಚ್ಚಿಸಿದ್ದೆನು. ಸರಿಯಾದ ಉತ್ತರವು ಈಗ ಅವನ ಕೈಯಲ್ಲಿದ್ದ ಯಂತ್ರದಲ್ಲಿಯೇ ಇದ್ದಿತು.